ಬಂದೂಕ ಹಿಡಿದವನು ಯಾಕೆ ಹಿಡಿದ?



ಹೋದ ತಿಂಗಳ ಅಧ್ಯಯನ ಶಿಬಿರದಲ್ಲಿ ಅಮೆರಿಕದ ಗುಲಾಮಗಿರಿಯ ಮಾತು ಬಂತು. ರಾತ್ರಿ ಊಟ ಆದಮೇಲೆ ಹಾಸ್ಟೆಲ್ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಗುಲಾಮರನ್ನ ಇಟ್ಕೊಂಡಿದ್ದ ಸಾಹುಕಾರ ಯುದ್ಧಕ್ಕೆ ನಿಂತಿದ್ದು ಅರ್ಥ ಆಗ್ತದೆ. ಒಬ್ಬ ಗುಲಾಮನೂ ಇಲ್ಲದ, ಕಾಲಿಗೆ ನೆಟ್ಟಗೆ ಜೋಡೂ ಇಲ್ಲದ ಬಡ ಬಿಳಿಯ ಯಾಕೆ ಹೋಗಿ ಸತ್ತ?" ಪಕ್ಕದಲ್ಲಿ ಕೂತಿದ್ದವನು ಅದಕ್ಕೆ ಇನ್ನೊಂದು ಸೇರಿಸಿದ: "ಅವನ್ನ ಬಿಡಿ ಸಾರ್, ಕರಿಯರು ಯಾವ ನಂಬಿಕೆ ಮೇಲೆ ಬಿಳಿಯರ ದಂಡಿಗೆ ಸೇರಿದ್ರು?" ಆವತ್ತು ನಮ್ಮಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. 'ವರ್ಗಹಿತ', 'ಹುಸಿ ಪ್ರಜ್ಞೆ' ಅಂತ ಎರಡು ದೊಡ್ಡ ಮಾತು ಎಸೆದು ಮಲಗಿಬಿಟ್ಟೆವು. ಅದು ನಮಗೇ ಸರಿಬರಲಿಲ್ಲ. ಆದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಆ ಇಬ್ಬರ ಪ್ರಶ್ನೆಗೇ ಬಿಟ್ಟುಕೊಟ್ಟಿದ್ದೇವೆ.

ಮೊದಲು ಯುದ್ಧದ ಕಥೆ, ಎರಡೇ ಮಾತಲ್ಲಿ. 1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ಹತ್ತಿಯ ತೋಟಗಳೆಲ್ಲ ಅವರ ಬೆನ್ನ ಮೇಲೆ ನಿಂತಿದ್ದವು. ಗುಲಾಮಗಿರಿ ಹೊಸ ಸೀಮೆಗಳಿಗೆ ಹಬ್ಬಬಾರದು ಎಂದಷ್ಟೇ ಹೇಳುತ್ತಿದ್ದ ಲಿಂಕನ್ 1860ರಲ್ಲಿ ಚುನಾವಣೆ ಗೆದ್ದ ಕೂಡಲೇ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೊರಟವು. ಕೊನೆಗೆ ಅಂಥವು 11 ಆದವು. 1861ರ ಏಪ್ರಿಲ್‌ನಲ್ಲಿ ಶುರುವಾದ ಕಾದಾಟ 1865ರ ಏಪ್ರಿಲ್‌ನಲ್ಲಿ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಗುಂಡಿಗಿಂತ ಭೇದಿ, ಜ್ವರಗಳಿಗೆ ಸತ್ತವರೇ ಜಾಸ್ತಿ.

ಈಗ ಮೊದಲನೇ ಹುಡುಗನ ಪ್ರಶ್ನೆಗೆ ಬರೋಣ. ದಕ್ಷಿಣದಲ್ಲಿ ಗುಲಾಮರಿದ್ದ ಬಿಳಿಯರ ಮನೆಗಳು ನಾಲ್ಕರಲ್ಲಿ ಒಂದು, ಹೆಚ್ಚೆಂದರೆ ಮೂರರಲ್ಲಿ ಒಂದು. ಉಳಿದವರು ಕಲ್ಲುನೆಲ ಕೆರೆದು ಜೋಳ ಬೆಳೆಯುವ ಬಡರೈತರು, ಕೂಲಿಗಳು. ಅವರೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದಂಡಿಗೆ ಹೋದವರಲ್ಲ. 1862ರ ಏಪ್ರಿಲ್‌ನಲ್ಲಿ ದಕ್ಷಿಣದ ಸರ್ಕಾರ ಕಡ್ಡಾಯ ಸೈನ್ಯಭರ್ತಿ ತಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಕಾನೂನು ಮಾಡಿ, 20 ಗುಲಾಮರಿರುವ ತೋಟದಲ್ಲಿ ಅವರನ್ನು ಕಾಯಲಿಕ್ಕೆ ಒಬ್ಬ ಬಿಳಿಯ ಮನೆಯಲ್ಲೇ ಉಳಿಯಬಹುದು ಅಂತ ರಿಯಾಯಿತಿ ಕೊಟ್ಟಿತು. ಅಂದರೆ, 20 ಗುಲಾಮರಿರುವವನು ಮನೆಯಲ್ಲಿ, ಒಬ್ಬನೂ ಇಲ್ಲದವನು ಗುಂಡಿನ ಎದುರಿಗೆ. ಇದು ಸಾಹುಕಾರರ ಯುದ್ಧ, ಬಡವರ ಕಾದಾಟ ಅಂತ ಅವರವರೇ ಆಡಿಕೊಂಡರು. ಹೆಂಡತಿಯರಿಂದ ಕಾಗದ ಬರುತ್ತಿತ್ತು. ಮಕ್ಕಳಿಗೆ ಹಿಟ್ಟಿಲ್ಲ, ಬಂದುಬಿಡು. ಸಾವಿರ ಸಾವಿರ ಜನ ಬಂದೂಕ ಬಿಸಾಕಿ ಓಡಿಹೋದರು. ಟೆನೆಸ್ಸಿಯ ಪೂರ್ವದ ಬೆಟ್ಟಸೀಮೆಯಂಥ ಕಡೆಗಳಿಂದ, ಒಟ್ಟು ಒಂದು ಲಕ್ಷದಷ್ಟು ದಕ್ಷಿಣದ ಬಿಳಿಯರು ಉತ್ತರದ ದಂಡಿಗೇ ಸೇರಿದರು. ಇದನ್ನೂ ಹೇಳಬೇಕು. ಒಂದು ಬಣ್ಣದವರೆಲ್ಲ ಒಂದೇ ಮನಸ್ಸಿನವರು ಅಂತ ಅಳೆಯೋದು ಮೇಲಿನವರ ಚಾಳಿ, ನಮ್ಮದಾಗಬಾರದು.

ಆದರೂ ಬಹಳ ಜನ ಓಡಿಹೋಗಲಿಲ್ಲ. ನಾಲ್ಕು ವರ್ಷ ಕಾದಾಡಿದರು. ಯಾಕೆ?

ಜೇಮ್ಸ್ ಮೆಕ್‌ಫರ್ಸನ್ ಎಂಬ ಇತಿಹಾಸಕಾರ ಆ ಯುದ್ಧದ ಸೈನಿಕರು ಮನೆಗೆ ಬರೆದ 25 ಸಾವಿರಕ್ಕೂ ಹೆಚ್ಚು ಕಾಗದಗಳನ್ನೂ ಇನ್ನೂರೈವತ್ತರಷ್ಟು ದಿನಚರಿಗಳನ್ನೂ ಓದಿ 1997ರಲ್ಲಿ ಒಂದು ಪುಸ್ತಕ ಬರೆದರು. ಅವರು ನೋಡಿದ ದಕ್ಷಿಣದ ಸೈನಿಕರು 429 ಜನ. ಅವರಲ್ಲಿ ಗುಲಾಮಗಿರಿ ಉಳಿಸಲಿಕ್ಕೆ ಹೋರಾಡ್ತಿದೀನಿ ಅಂತ ಬಾಯಿಬಿಟ್ಟು ಬರೆದವರು ನೂರಕ್ಕೆ 20 ಮಾತ್ರ. ಉಳಿದವರ ಕಾಗದಗಳಲ್ಲಿ ಊರು, ಮನೆ, ಮಾನ, ಸ್ವಾತಂತ್ರ್ಯ, ಪಕ್ಕದ ಗೆಳೆಯನನ್ನು ಬಿಟ್ಟು ಓಡಬಾರದೆಂಬ ನಾಚಿಕೆ. ಇದನ್ನು ಕೇಳಿದ ಕೂಡಲೇ ಕೆಲವರು ಕುಣಿದಾಡ್ತಾರೆ. ನೋಡಿದ್ರಾ, ಅವರು ಗುಲಾಮಗಿರಿಗಾಗಿ ಹೋರಾಡಲಿಲ್ಲ! ಆದರೆ ಮೆಕ್‌ಫರ್ಸನ್ ಅಲ್ಲಿಗೇ ನಿಲ್ಲಿಸಲಿಲ್ಲ. ಅದನ್ನು ಅವರು ಬರೆಯದೆ ಇದ್ದದ್ದು ಯಾಕೆಂದರೆ ಅದರ ಬಗ್ಗೆ ಅವರಲ್ಲಿ ಜಗಳವೇ ಇರಲಿಲ್ಲ. ಎಲ್ಲರೂ ಒಪ್ಪಿಕೊಂಡದ್ದನ್ನು ಯಾರೂ ಕಾಗದದಲ್ಲಿ ವಾದಿಸುವುದಿಲ್ಲ.

ಈ ಮಾತನ್ನು ನಮ್ಮ ಓದುಗರು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನು 'ಇದು ಜಾತಿ' ಅಂತ ಬೋರ್ಡು ಬರೆದು ಹಾಕಿದ್ದನೇ? ಇಲ್ಲ. ಅವನನ್ನು ಕೇಳಿದರೆ 'ಪದ್ಧತಿ' ಅಂದಾನು, 'ಊರು' ಅಂದಾನು, 'ನಮ್ಮ ಹಿರೇರು' ಅಂದಾನು.

ಅಷ್ಟಕ್ಕೂ ದಕ್ಷಿಣದ ದೊಡ್ಡವರು ಬಾಯಿಬಿಟ್ಟೇ ಹೇಳಿದ್ದರು. ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾ ಎಂಬ ಊರಿನಲ್ಲಿ ಭಾಷಣ ಮಾಡಿ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲೇ ಕರಿಯ ಬಿಳಿಯನಿಗೆ ಸಮನಲ್ಲ ಎಂಬ ತತ್ವ ಎಂದು ಸಾರಿದ. ಬಡ ಬಿಳಿಯನಿಗೆ ಆ ಮೂಲೆಗಲ್ಲಿನಿಂದ ಏನು ಸಿಕ್ಕಿತು? ನೆಲ ಸಿಗಲಿಲ್ಲ, ದುಡ್ಡು ಸಿಗಲಿಲ್ಲ. ಆದರೆ ಎಷ್ಟೇ ಕೆಳಗೆ ಬಿದ್ದರೂ ಅವನ ಕಾಲ ಕೆಳಗೆ ಇನ್ನೊಬ್ಬ ಇದ್ದೇ ಇರುತ್ತಾನೆ ಎಂಬ ಖಾತ್ರಿ ಸಿಕ್ಕಿತು. ಸಾಹುಕಾರ ದಾರಿಯಲ್ಲಿ ಅವನಿಗೂ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದ, ಯಾಕೆಂದರೆ ಇಬ್ಬರೂ ಬಿಳಿಯರು. ಗುಲಾಮಗಿರಿ ಹೋದರೆ ಅವನ ಗುಡಿಸಲಿನಿಂದ ಒಂದು ಮಡಕೆಯೂ ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಆ ನಮಸ್ಕಾರ. ಬಾಬಾಸಾಹೇಬರು ಜಾತಿಯನ್ನು ಕುರಿತು ಶ್ರೇಣೀಕೃತ ಅಸಮಾನತೆ ಎಂದು ಹೇಳಿದ್ದು ನೆನಪಿದೆಯಲ್ಲ? ಏಣಿಯ ಕೊನೆಯ ಮೆಟ್ಟಿಲಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿರುವವನೂ ಆ ಏಣಿಯನ್ನು ಕಾಯುತ್ತಾನೆ. ಪ್ರಾಣ ಕೊಟ್ಟು ಕಾಯುತ್ತಾನೆ.

ಹಾಗಂತ ಉತ್ತರದ ಬಿಳಿಯರೆಲ್ಲ ಕರಿಯರ ಬಿಡುಗಡೆಗೆ ಹೊರಟ ಪುಣ್ಯಾತ್ಮರು ಅಂದುಕೊಳ್ಳಬೇಡಿ. ಬಹುಪಾಲು ಜನ ಹೋದದ್ದು ಒಕ್ಕೂಟ ಒಡೆಯಬಾರದು ಎಂದು. ಕೆಲವರು ಸಂಬಳಕ್ಕೆ, ಕೆಲವರು ಊರಿನ ಹುಡುಗರೆಲ್ಲ ಹೊರಟರಲ್ಲ ಎಂದು. ಐರ್ಲೆಂಡಿನಿಂದ, ಜರ್ಮನಿಯಿಂದ ಹಡಗಿಳಿದ ಬಡವರು ಬಹಳ. 1863ರಲ್ಲಿ ಉತ್ತರದಲ್ಲೂ ಕಡ್ಡಾಯ ಭರ್ತಿ ಬಂತು. 300 ಡಾಲರ್ ಕಟ್ಟಿದವನಿಗೆ ವಿನಾಯಿತಿ, ಅಂದರೆ ಕೂಲಿಯವನ ಒಂದು ವರ್ಷದ ದುಡಿಮೆಯಷ್ಟು ಹಣ. ಜುಲೈ 13ರಂದು ನ್ಯೂಯಾರ್ಕಿನ ಕೂಲಿಗಳು, ಹೆಚ್ಚಿನವರು ಐರಿಷ್ ಬಡವರು, ದಂಗೆ ಎದ್ದರು. ಸಿಟ್ಟು ಬರಬೇಕಾದದ್ದು 300 ಡಾಲರ್ ಇದ್ದವನ ಮೇಲೆ. ಅವನ ಮನೆಗೂ ಕಲ್ಲು ಬಿತ್ತು, ನಿಜ. ಆದರೆ ನೇಣು ಹಾಕಿದ್ದು ಯಾರನ್ನು? ಬೀದಿಯಲ್ಲಿ ಸಿಕ್ಕ ಕರಿಯರನ್ನು. ಕರಿಯ ಅನಾಥ ಮಕ್ಕಳ ಆಶ್ರಮಕ್ಕೆ ಬೆಂಕಿ ಇಟ್ಟರು. ನಾಲ್ಕು ದಿನ ನಡೆದ ಆ ದಂಗೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ಮನಸ್ಸು ಬದಲಾಯಿಸಿಕೊಂಡವರೂ ಇದ್ದರು. ಒಕ್ಕೂಟಕ್ಕಾಗಿ ಅಂತ ಹೋದ ಬಿಳಿಯ ಹುಡುಗರು ದಕ್ಷಿಣದಲ್ಲಿ ಚಾಟಿಯ ಗುರುತು ತುಂಬಿದ ಬೆನ್ನುಗಳನ್ನು ನೋಡಿದರು. ಹೆಣ್ಣುಮಗಳೊಬ್ಬಳ ಮಕ್ಕಳನ್ನು ಒಬ್ಬೊಬ್ಬರಾಗಿ ಮಾರಿದ ಕಥೆ ಕೇಳಿದರು. ಇದು ಮುಗಿಯದೆ ಯುದ್ಧ ಮುಗಿಯಲ್ಲ ಅಂತ ಮನೆಗೆ ಬರೆದರು. 1864ರ ಚುನಾವಣೆಯಲ್ಲಿ ಸೈನಿಕರ ಮತಗಳಲ್ಲಿ ನೂರಕ್ಕೆ 78ರಷ್ಟು ಲಿಂಕನ್‌ಗೆ ಬಿದ್ದವು. ಊರಲ್ಲಿ ಕೂತಿದ್ದ ಮತದಾರರಿಗಿಂತ ಇದು ಎಷ್ಟೋ ಹೆಚ್ಚು. ಸಾಯುವ ಸರದಿ ಯಾರದೋ ಅವರೇ ಯುದ್ಧ ನಿಲ್ಲಿಸಬೇಡಿ ಅಂದರು. ಬರೀ ಪ್ರಚಾರದಿಂದ ಹೀಗಾಗುವುದಿಲ್ಲ. ಕಣ್ಣಾರೆ ಕಂಡದ್ದು ಅವರಲ್ಲಿ ಕೆಲಸ ಮಾಡಿತ್ತು.

ಎರಡನೇ ಹುಡುಗನ ಪ್ರಶ್ನೆ ಕರಿಯರದು. ಇಲ್ಲಿ ನಾವು ಸ್ವಲ್ಪ ಹೊತ್ತು ಕೂರಬೇಕು.

ಮೊದಲು ಅವರನ್ನು ಯಾರೂ ಕರೆಯಲಿಲ್ಲ. 1861ರಲ್ಲಿ ಉತ್ತರದ ಊರುಗಳಲ್ಲಿ ಕರಿಯ ಯುವಕರು ಸಾಲುಗಟ್ಟಿ ಬಂದಾಗ, ಇದು ಬಿಳಿಯರ ಯುದ್ಧ, ಮನೆಗೆ ಹೋಗಿ ಅಂತ ಕಳಿಸಿದರು. ಆದರೆ ದಕ್ಷಿಣದ ಗುಲಾಮರು ಯಾರ ಅಪ್ಪಣೆಗೂ ಕಾಯಲಿಲ್ಲ. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಮೂವರು, ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲೊರಿ, ಜೇಮ್ಸ್ ಟೌನ್‌ಸೆಂಡ್, ರಾತ್ರೋರಾತ್ರಿ ದೋಣಿಯಲ್ಲಿ ಉತ್ತರದವರ ಕೈಲಿದ್ದ ಮನ್ರೋ ಕೋಟೆಗೆ ಬಂದು ನಿಂತರು. ಒಡೆಯ ವಾಪಸು ಕೇಳಿದ. ಸೇನಾಪತಿ ಬಟ್ಲರ್ ವಕೀಲ. ನೀವು ಅವರನ್ನು ಆಸ್ತಿ ಅಂತೀರಿ, ನಮ್ಮ ಮೇಲೆ ಯುದ್ಧದ ಕೆಲಸಕ್ಕೆ ಹಚ್ಚಿದ್ದೀರಿ, ಶತ್ರುವಿನ ಆಸ್ತಿಯನ್ನು ನಾವು ಜಪ್ತಿ ಮಾಡ್ತೀವಿ ಅಂದ. ಮನುಷ್ಯರನ್ನು ಬಿಡಿಸಲಿಕ್ಕೂ ಅವರನ್ನು ಸಾಮಾನು ಅಂತಲೇ ಕರೆಯಬೇಕಾಯಿತು! ಆದರೆ ಆ ಮೂವರ ಹಿಂದೆ ಮುನ್ನೂರು ಬಂದರು, ಆಮೇಲೆ ಸಾವಿರಗಳು, ಯುದ್ಧ ಮುಗಿಯುವುದರೊಳಗೆ ಲಕ್ಷಗಳು. ಕರಿಯ ವಿದ್ವಾಂಸ ಡುಬಾಯ್ಸ್ 1935ರಲ್ಲಿ ಬರೆದ ದೊಡ್ಡ ಪುಸ್ತಕದಲ್ಲಿ ಇದನ್ನು ಸಾರ್ವತ್ರಿಕ ಮುಷ್ಕರ ಎಂದು ಕರೆದರು. ತೋಟ ಬಿಟ್ಟು ಎದ್ದು ಬಂದದ್ದೇ ಅವರ ಮೊದಲ ಕಾದಾಟ. ಬಂದೂಕ ಆಮೇಲೆ ಬಂತು.

1863ರ ಜನವರಿ 1ರ ವಿಮೋಚನಾ ಘೋಷಣೆ ಕರಿಯರಿಗೆ ದಂಡಿನ ಬಾಗಿಲು ತೆರೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ದಂಡಿನಲ್ಲಿ ಸುಮಾರು 1,79,000 ಕರಿಯರು, ನೌಕಾಪಡೆಯಲ್ಲಿ ಇನ್ನೊಂದು 19,000. ದಂಡಿನ ಹತ್ತರಲ್ಲೊಂದು ಪಾಲು. 40 ಸಾವಿರದ ಹತ್ತಿರ ಜನ ಸತ್ತರು. ಎಲ್ಲರೂ ಮನಸಾರೆ ಬಂದವರು ಅಂತ ನಾವು ಬಣ್ಣ ಕಟ್ಟುವುದಿಲ್ಲ. ದಕ್ಷಿಣ ಕರೊಲಿನಾದ ಕಡಲಂಚಿನಲ್ಲಿ 1862ರಲ್ಲೇ ಹೊಲದಲ್ಲಿ ಕೆಲಸ ಮಾಡುತ್ತಿದ್ದವರನ್ನು ಬಂದೂಕ ತೋರಿಸಿ ಎಳಕೊಂಡು ಹೋದದ್ದೂ ಉಂಟು. ಹಸಿವಿಗೆ ಸೇರಿದವರುಂಟು.

ಆದರೆ ಸೇರಿದ ಮೇಲೆ ಯಾಕೆ ನಿಂತರು ಅನ್ನೋದು ಮುಖ್ಯ. ಮೆಕ್‌ಫರ್ಸನ್ ಓದಿದ ಕಾಗದಗಳಲ್ಲಿ ಕರಿಯರ ಕಾಗದ ಕಡಿಮೆ. ಕಾರಣ ಸರಳ. ದಕ್ಷಿಣದ ಬಹಳ ರಾಜ್ಯಗಳಲ್ಲಿ ಗುಲಾಮನಿಗೆ ಅಕ್ಷರ ಕಲಿಸುವುದೇ ಅಪರಾಧ. ಬಹಳ ಜನ ಅಕ್ಷರ ಕಲಿತದ್ದೇ ದಂಡಿನಲ್ಲಿ, ರಾತ್ರಿ ಬೆಂಕಿಯ ಬೆಳಕಲ್ಲಿ, ಮಕ್ಕಳ ಕಾಗುಣಿತದ ಪುಸ್ತಕ ಹಿಡಿದು. ಹಾಸ್ಟೆಲಿನ ದೀಪದಡಿ ಇದನ್ನು ಓದುತ್ತಿರುವ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹಾಗೆ ಉಳಿದುಬಂದ ಕಾಗದಗಳಲ್ಲಿ ಒಂದು ಸ್ಪಾಟ್ಸ್‌ವುಡ್ ರೈಸ್ ಎಂಬಾತನದು.

ರೈಸ್ ಮಿಸೌರಿಯ ಗುಲಾಮ. 1864ರಲ್ಲಿ ತಪ್ಪಿಸಿಕೊಂಡು ದಂಡು ಸೇರಿದ. ಮಿಸೌರಿ ಒಕ್ಕೂಟ ಬಿಡದ ರಾಜ್ಯವಾದ್ದರಿಂದ ಲಿಂಕನ್‌ನ ಘೋಷಣೆ ಅಲ್ಲಿಗೆ ತಾಗುವುದಿಲ್ಲ. ಅಪ್ಪ ಸೈನಿಕನಾಗಿ ಸ್ವತಂತ್ರ, ಮಗಳು ಮಾತ್ರ ಇನ್ನೂ ಒಡತಿಯ ಆಸ್ತಿ. 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಯ ಸೈನಿಕರ ಆಸ್ಪತ್ರೆಯಲ್ಲಿ ಮಲಗಿಕೊಂಡು ಆತ ಎರಡು ಕಾಗದ ಬರೆದ. ಮಕ್ಕಳಿಗೆ ಒಂದು: ಧೈರ್ಯವಾಗಿರಿ, ನನ್ನ ಪ್ರಾಣ ಹೋದರೂ ನಿಮ್ಮನ್ನು ಬಿಡಿಸ್ತೀನಿ, ಬಿಳಿಯ ಸೈನಿಕರೂ ಕರಿಯ ಸೈನಿಕರೂ ಒಟ್ಟಾಗಿ ನದಿ ಮೇಲೆ ಬರ್ತಿದೀವಿ ಎಂದು. ಇನ್ನೊಂದು ಕಾಗದ ಮಗಳು ಮೇರಿಯ ಒಡತಿ ಕಿಟಿ ಡಿಗ್ಸ್‌ಗೆ. ನನ್ನ ಮಗುವನ್ನು ನಾನೇ ಕದಿಯಲಿಕ್ಕೆ ನೋಡ್ತೀನಿ ಅಂದೆಯಂತೆ. ಆ ಮಗು ದೇವರು ನನಗೆ ಕೊಟ್ಟ ಹಕ್ಕು. ನೀನು ಎಷ್ಟು ದಿನ ಇಟ್ಟುಕೊಳ್ತೀಯೋ ಅಷ್ಟು ದಿನ ನರಕದಲ್ಲಿ ಬೇಯಬೇಕಾಗ್ತದೆ ಎಂಬ ಧಾಟಿ. ಒಂದು ಕಾಲಕ್ಕೆ ತನ್ನದೇ ಮಗುವಿಗೆ 40 ಡಾಲರ್ ಕೊಡ್ತೀನಿ ಅಂತ ಆತ ಕೇಳಿದ್ದನಂತೆ, ಅವಳು ಒಪ್ಪಿರಲಿಲ್ಲ. ಒಪ್ಪದಿದ್ದದ್ದೇ ಒಳ್ಳೇದಾಯ್ತು ಅಂತ ಈಗ ಬರೆಯುತ್ತಾನೆ! ಈ ಸೈನಿಕನ ಪ್ರೇರಣೆ ಏನು ಅಂತ ಯಾವ ಪ್ರೊಫೆಸರನ್ನು ಕೇಳಬೇಕು?

ಕೆಂಟಕಿಯದೂ ಇದೇ ಸ್ಥಿತಿ. ಅಲ್ಲಿ ಗಂಡಸು ದಂಡು ಸೇರಿದರೆ ಸ್ವತಂತ್ರ, ಹೆಂಡತಿ ಮಕ್ಕಳು ಇನ್ನೂ ಗುಲಾಮರು. ಒಡೆಯರು ಸೇಡು ತೀರಿಸಿಕೊಳ್ಳುತ್ತಾರೆಂದು ಹೆಂಗಸರು ಮಕ್ಕಳು ಗಂಡಸರ ಹಿಂದೆಯೇ ಕ್ಯಾಂಪ್ ನೆಲ್ಸನ್ ಎಂಬ ಶಿಬಿರಕ್ಕೆ ಬಂದು ಗುಡಿಸಲು ಹಾಕಿಕೊಂಡರು. 1864ರ ನವೆಂಬರ್ ಕೊನೆಯಲ್ಲಿ, ಹೆಪ್ಪುಗಟ್ಟುವ ಚಳಿಯಲ್ಲಿ, ಶಿಬಿರದ ಅಧಿಕಾರಿ ಅವರನ್ನು ಗಾಡಿಗೆ ತುಂಬಿ ಹೊರಗೆ ಅಟ್ಟಿಸಿ ಗುಡಿಸಲು ಕೆಡವಿಸಿದ. 400ರಷ್ಟು ಜನ. ಅವರಲ್ಲಿ 102 ಮಂದಿ ಸತ್ತರು. ಜೋಸೆಫ್ ಮಿಲ್ಲರ್ ಎಂಬ ಸೈನಿಕ ಪ್ರಮಾಣ ಮಾಡಿ ಹೇಳಿಕೆ ಬರೆಸಿದ್ದಾನೆ. ಅವನ ಮಗ ಕಾಯಿಲೆ ಬಿದ್ದಿದ್ದ. ಗಾಡಿ ಹತ್ತಿಸಬೇಡಿ ಅಂದರೆ ಹತ್ತದಿದ್ದರೆ ಗುಂಡು ಹೊಡೀತೀವಿ ಅಂದರು. ಆವತ್ತು ರಾತ್ರಿ ಕೆಲವು ಮೈಲಿ ನಡೆದು ಹುಡುಕಿದಾಗ ಮಗ ಹೆಣವಾಗಿದ್ದ. ರಾತ್ರಿಯೇ ಶಿಬಿರಕ್ಕೆ ವಾಪಸು ಬರಬೇಕು, ಇಲ್ಲದಿದ್ದರೆ ಓಡಿಹೋದವ ಅಂತ ಲೆಕ್ಕ. ಬಂದು, ಮರುದಿನ ಮತ್ತೆ ನಡೆದು ಹೋಗಿ, ಮಗನಿಗೆ ತಾನೇ ಗುಂಡಿ ತೋಡಿದ. ಕೆಲವೇ ವಾರಗಳಲ್ಲಿ ಮನೆಯ ಉಳಿದವರೂ ಒಬ್ಬೊಬ್ಬರಾಗಿ ಹೋದರು, 1865ರ ಜನವರಿಯಲ್ಲಿ ಮಿಲ್ಲರನೂ ಹೋದ. ಇದು ಉತ್ತರದ ದಂಡು, ನಮ್ಮ ಕಡೆಯ ದಂಡು! ಈ ಸುದ್ದಿ ಎದ್ದು ಗಲಾಟೆಯಾದ ಮೇಲೆಯೇ, 1865ರ ಮಾರ್ಚ್‌ನಲ್ಲಿ, ಕರಿಯ ಸೈನಿಕರ ಹೆಂಡತಿ ಮಕ್ಕಳು ಸ್ವತಂತ್ರರು ಎಂಬ ಕಾನೂನು ಬಂತು.

ಇನ್ನು ಸಂಬಳದ ಜಗಳ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಬಟ್ಟೆಯ ಖರ್ಚು ಬೇರೆ. ಕರಿಯ ಸಿಪಾಯಿಗೆ 10 ಡಾಲರ್, ಅದರಲ್ಲಿ ಬಟ್ಟೆಗೆ 3 ಮುರಿದು ಕೈಗೆ 7. ಮೆಸಾಚುಸೆಟ್ಸ್‌ನ 54ನೇ ಪಡೆಯ ಕರಿಯರು ಆ 7 ಡಾಲರನ್ನು ಮುಟ್ಟಲಿಲ್ಲ. ಉಳಿದದ್ದನ್ನು ನಾವು ತುಂಬಿಕೊಡ್ತೀವಿ ಅಂತ ಅವರ ರಾಜ್ಯ ಸರ್ಕಾರ ಮುಂದೆ ಬಂದರೂ ಬೇಡ ಅಂದರು. ಹದಿನೆಂಟು ತಿಂಗಳು ಒಂದು ಕಾಸೂ ಮುಟ್ಟದೆ ಕಾದಾಡಿದರು. ಮನೆಯಲ್ಲಿ ಹೆಂಡಿರು ಮಕ್ಕಳು ಭಿಕ್ಷೆಗೆ ಇಳಿದ ಸುದ್ದಿ ಬರುತ್ತಿದ್ದಾಗಲೂ! ಆ ಪಡೆಯ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ 1863ರ ಸೆಪ್ಟೆಂಬರ್‌ನಲ್ಲಿ ನೇರ ಲಿಂಕನ್‌ಗೇ ಕಾಗದ ಬರೆದ. ನಾವು ಸೈನಿಕರೋ, ಕೂಲಿಗಳೋ? ಸೈನಿಕನ ಕೆಲಸ ಮಾಡಿದೀವಿ, ಸೈನಿಕನ ಸಂಬಳ ಯಾಕಿಲ್ಲ? ಕೇಳಿದ್ದು ಇಷ್ಟೇ. ದಕ್ಷಿಣ ಕರೊಲಿನಾದ ಇನ್ನೊಂದು ಪಡೆಯ ಸಾರ್ಜೆಂಟ್ ವಿಲಿಯಂ ವಾಕರ್, ಮೊದಲು ಗುಲಾಮನಾಗಿದ್ದವನು, 1863ರ ನವೆಂಬರ್‌ನಲ್ಲಿ ತನ್ನ ಹುಡುಗರನ್ನು ಕರೆದೊಯ್ದು ಕರ್ನಲ್‌ನ ಡೇರೆಯ ಮುಂದೆ ಬಂದೂಕಗಳನ್ನು ಇಟ್ಟುಬಿಟ್ಟ. ಒಪ್ಪಂದದಂತೆ ಸಂಬಳ ಕೊಡದವರಿಗೆ ದುಡಿಯಲ್ಲ ಅಂದ. ಅದನ್ನು ದಂಗೆ ಅಂದರು. 1864ರ ಫೆಬ್ರವರಿ 29ರಂದು ಅವನನ್ನು ಗುಂಡಿಟ್ಟು ಕೊಂದರು. ಅವನ ಪಡೆಯವರ ಕಣ್ಣೆದುರಿಗೇ ಕೊಂದರು.

ಮೂರೂವರೆ ನಾಲ್ಕು ತಿಂಗಳ ಮೇಲೆ, ಜೂನ್‌ನಲ್ಲಿ, ಸಮಾನ ಸಂಬಳದ ಕಾನೂನು ಬಂತು. ಅದರಲ್ಲೂ ಒಂದು ಕೊಕ್ಕೆ. 1861ರ ಏಪ್ರಿಲ್ 19ರಂದು ಸ್ವತಂತ್ರನಾಗಿದ್ದವನಿಗೆ ಮಾತ್ರ ಸೇರಿದ ದಿನದಿಂದ ಪೂರ್ತಿ ಬಾಕಿ. 54ನೇ ಪಡೆಯಲ್ಲಿ ಮೊದಲು ಗುಲಾಮರಾಗಿದ್ದವರೂ ಇದ್ದರಲ್ಲ, ಅವರ ಕರ್ನಲ್ ಹ್ಯಾಲೊವೆಲ್ ಒಂದು ಪ್ರಮಾಣವಚನ ಕಟ್ಟಿದ: ಆ ದಿನ ನನ್ನ ಬಿಟ್ಟಿ ದುಡಿಮೆಯ ಮೇಲೆ ಯಾವ ಮನುಷ್ಯನಿಗೂ ನ್ಯಾಯವಾದ ಹಕ್ಕಿರಲಿಲ್ಲ ಎಂದು. ಗುಲಾಮನಾಗಿದ್ದವನೂ ಎದೆತಟ್ಟಿ ಪ್ರಮಾಣ ಮಾಡಿದ. ಸುಳ್ಳೆಲ್ಲಿ ಬಂತು? ನಮಗೆ ಈ ಯುದ್ಧದ ಕಥೆಯಲ್ಲೆಲ್ಲ ಇಷ್ಟು ಇಷ್ಟವಾದ ಜಾಗ ಇನ್ನೊಂದಿಲ್ಲ. ಗುಡಿಂಗ್ ಮಾತ್ರ ಅದನ್ನು ನೋಡಲಿಲ್ಲ. ದಕ್ಷಿಣದವರ ಸೆರೆ ಸಿಕ್ಕಿ, ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ 1864ರ ಜುಲೈನಲ್ಲಿ ಸತ್ತ.

ಇದೇ 54ನೇ ಪಡೆ 1863ರ ಜುಲೈ 18ರ ಸಂಜೆ ಚಾರ್ಲ್ಸ್‌ಟನ್ ಹತ್ತಿರದ ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿತ್ತು. ದಿನಾಂಕ ನೋಡಿ. ನ್ಯೂಯಾರ್ಕಿನಲ್ಲಿ ಕರಿಯರನ್ನು ದೀಪದ ಕಂಬಕ್ಕೆ ನೇತುಹಾಕಿ ಎರಡೇ ದಿನ ಆಗಿತ್ತು. ಸಾರ್ಜೆಂಟ್ ರಾಬರ್ಟ್ ಸಿಮನ್ಸ್‌ನ ಪುಟ್ಟ ಸೋದರಳಿಯ ಆ ದಂಗೆಯಲ್ಲಿ ಸತ್ತಿದ್ದ. ಸಿಮನ್ಸ್ ಕೋಟೆಯ ಮುಂದೆ ಗಾಯಗೊಂಡು ಸೆರೆಯಲ್ಲಿ ಸತ್ತ. ಆ ಸಂಜೆ ನುಗ್ಗಿದ 600 ಜನರಲ್ಲಿ ಸುಮಾರು 270 ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಅವರ ಬಿಳಿಯ ಕರ್ನಲ್ ರಾಬರ್ಟ್ ಶಾ ಕೂಡ ಸತ್ತ. ಅವಮಾನ ಮಾಡಲೆಂದು ದಕ್ಷಿಣದವರು ಅವನನ್ನು ಅವನ ಕರಿಯ ಸೈನಿಕರ ಜೊತೆ ಒಂದೇ ಗುಂಡಿಗೆ ಹಾಕಿದರು. ಆಮೇಲೆ ಹೆಣ ತೆಗೆಸಿ ತರುವ ಮಾತು ಬಂದಾಗ, ಅವನು ಅಲ್ಲೇ ಇರಲಿ, ಅದಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ ಅವನ ತಂದೆ ಹೇಳಿದರು.

ಸೋತರೆ ಏನಾಗುತ್ತದೆ ಎಂಬುದೂ ಕರಿಯರಿಗೆ ಬೇರೆಯೇ. ಬಿಳಿಯ ಶರಣಾದರೆ ಸೆರೆ, ಕರಿಯ ಶರಣಾದರೆ ಮತ್ತೆ ಗುಲಾಮಗಿರಿ ಅಥವಾ ಗುಂಡು. 1864ರ ಏಪ್ರಿಲ್ 12ರಂದು ಟೆನೆಸ್ಸಿಯ ಪಿಲ್ಲೊ ಕೋಟೆಯಲ್ಲಿ ಬಂದೂಕ ಕೆಳಗಿಟ್ಟು ಕೈಯೆತ್ತಿದವರನ್ನು ದಕ್ಷಿಣದ ಸೈನಿಕರು ಕೊಚ್ಚಿ ಹಾಕಿದರು. ಅಲ್ಲಿದ್ದ ಕರಿಯ ಸೈನಿಕರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸತ್ತರು, ಅವರ ಜೊತೆಗಿದ್ದ ಬಿಳಿಯರಲ್ಲಿ ಮೂರನೇ ಒಂದು ಪಾಲು. ಅಲ್ಲಿನ ದಂಡನಾಯಕ ನೇಥನ್ ಫಾರೆಸ್ಟ್ ಯುದ್ಧಕ್ಕೆ ಮುಂಚೆ ಗುಲಾಮರ ವ್ಯಾಪಾರಿ, ಯುದ್ಧ ಆದಮೇಲೆ ಕು ಕ್ಲಕ್ಸ್ ಕ್ಲಾನ್ ಎಂಬ ಕೊಲೆಗಡುಕ ಕೂಟದ ಮೊದಲ ನಾಯಕ.

ಬಣ್ಣದ ಲೆಕ್ಕಕ್ಕೆ ಸಿಗದ ಇನ್ನೊಂದು ಜನವೂ ಇತ್ತು, ಮೂಲನಿವಾಸಿಗಳು. ಚೆರೊಕಿ ಜನರನ್ನು 1830ರ ದಶಕದಲ್ಲಿ ಅಮೆರಿಕ ಸರ್ಕಾರ ಅವರ ನೆಲದಿಂದ ಅಟ್ಟಿತ್ತು, ದಾರಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಅಂಥ ಜನರೊಳಗೂ ಗುಲಾಮರನ್ನಿಟ್ಟುಕೊಂಡ ಉಳ್ಳವರಿದ್ದರು. ಅವರಲ್ಲಿ ಒಬ್ಬನಾದ ಸ್ಟ್ಯಾಂಡ್ ವೇಟಿ ದಕ್ಷಿಣದ ಸೇನಾಪತಿಯಾದ, 1865ರ ಜೂನ್ 23ರಂದು ಎಲ್ಲರಿಗಿಂತ ಕೊನೆಗೆ ಶರಣಾದ. ಬೇರೆ ಚೆರೊಕಿಗಳು ಉತ್ತರದ ಕಡೆ ಕಾದಾಡಿದರು. ಸೆನೆಕ ಜನರ ಈಲಿ ಪಾರ್ಕರ್‌ನನ್ನು ಮೊದಲು ದಂಡಿಗೇ ಸೇರಿಸಲಿಲ್ಲ. ಆಮೇಲೆ ಸೇರಿದ, ಕೊನೆಗೆ ದಕ್ಷಿಣದ ಲೀ ಶರಣಾದ ಪತ್ರವನ್ನು ತನ್ನ ಕೈಯಾರೆ ನಕಲು ಮಾಡಿ ಬರೆದ. ತುಳಿಸಿಕೊಂಡವನು ತಾನಾಗಿಯೇ ತುಳಿಯುವುದನ್ನು ಬಿಡುತ್ತಾನೆ ಎಂದು ನಂಬಿಕೊಂಡು ಕೂತಿರುವ ನಮ್ಮ ಕೆಲವು ಗೆಳೆಯರು ಸ್ಟ್ಯಾಂಡ್ ವೇಟಿಯ ಕಥೆ ಓದಬೇಕು.

ಕೊನೆಕೊನೆಗೆ ದಕ್ಷಿಣಕ್ಕೆ ಸೈನಿಕರೇ ಸಿಗಲಿಲ್ಲ. ಗುಲಾಮರ ಕೈಗೇ ಬಂದೂಕ ಕೊಟ್ಟರೆ ಹೇಗೆ ಅಂತ ಚರ್ಚೆ ಎದ್ದಿತು. ಆಗ 1865ರ ಜನವರಿಯಲ್ಲಿ ಜಾರ್ಜಿಯಾದ ಹೋವೆಲ್ ಕಾಬ್, ನೂರಾರು ಗುಲಾಮರ ಒಡೆಯ, ಸೇನಾಪತಿ, ಯುದ್ಧಮಂತ್ರಿಗೆ ಬರೆದ: ಗುಲಾಮರು ಒಳ್ಳೆಯ ಸೈನಿಕರಾಗುತ್ತಾರೆ ಎಂದಾದರೆ ಗುಲಾಮಗಿರಿಯ ಬಗ್ಗೆ ನಾವು ನಂಬಿದ ಸಿದ್ಧಾಂತವೇ ಪೂರ್ತಿ ತಪ್ಪು. ಶತ್ರು ಒಮ್ಮೊಮ್ಮೆ ನಮ್ಮವರಿಗಿಂತ ಸ್ಪಷ್ಟವಾಗಿ ಮಾತಾಡುತ್ತಾನೆ! ಆದರೂ ಮಾರ್ಚ್ 13ರಂದು ಕಾನೂನು ಮಾಡಿದರು. ಅದರಲ್ಲೂ ಬಿಡುಗಡೆಯ ಮಾತಿಲ್ಲ. ಎಣಿಸುವಷ್ಟು ಜನ ಸೇರಿ ಕವಾಯತು ಮಾಡುವಷ್ಟರಲ್ಲಿ, ಏಪ್ರಿಲ್ 3ರಂದು, ಅವರ ರಾಜಧಾನಿ ರಿಚ್‌ಮಂಡ್ ಬಿತ್ತು. ಒಳಗೆ ಬಂದ ಪಡೆಗಳಲ್ಲಿ ಕರಿಯರ ಪಡೆಗಳಿದ್ದವು. ಅವುಗಳಲ್ಲೊಂದರ ಪಾದ್ರಿ ಗಾರ್ಲೆಂಡ್ ವೈಟ್ ಚಿಕ್ಕಂದಿನಲ್ಲಿ ತಾಯಿಯಿಂದ ಕಿತ್ತು ಮಾರಲ್ಪಟ್ಟವನು. ಜನಜಂಗುಳಿಯಲ್ಲಿ ಒಬ್ಬ ಮುದುಕಿ ಅವನನ್ನು ಹುಡುಕಿ ಬಂದು ನಿನ್ನ ಹೆಸರೇನು, ನಿನ್ನ ತಾಯಿ ಹೆಸರೇನು, ಎಲ್ಲಿ ಹುಟ್ಟಿದೆ ಅಂತ ಒಂದೊಂದಾಗಿ ಕೇಳಿದಳು. ಎಲ್ಲ ಉತ್ತರ ಸರಿಹೋದ ಮೇಲೆ, ನಾನೇ ನಿನ್ನ ತಾಯಿ ಅಂದಳು.

ಯುದ್ಧ ಆದಮೇಲಿನ ಮೋಸದ ಕಥೆ ಇನ್ನೊಂದು ಸಂಚಿಕೆಗೆ ಇರಲಿ. ಒಂದನ್ನು ಮಾತ್ರ ಹೇಳಿಬಿಡಬೇಕು. 1877ರಲ್ಲಿ ಉತ್ತರ ತನ್ನ ದಂಡಿನ ಕಾವಲು ತೆಗೆದು, ಕರಿಯರನ್ನು ಹಳೇ ಒಡೆಯರ ಕೈಗೆ ಬಿಟ್ಟಮೇಲೆ, ಯುದ್ಧದ ನೆನಪನ್ನೇ ತಿದ್ದುವ ಕೆಲಸ ನಡೆಯಿತು. ಎರಡೂ ಕಡೆಯವರು ವೀರರು, ಇಬ್ಬರೂ ನಂಬಿದ್ದಕ್ಕೆ ಹೋರಾಡಿದರು, ಸರಿ ತಪ್ಪು ಕೇಳಬೇಡಿ ಎಂದು. 1913ರ ಜುಲೈ ಮೊದಲ ದಿನಗಳಲ್ಲಿ ಗೆಟಿಸ್‌ಬರ್ಗ್ ರಣರಂಗದಲ್ಲಿ ಐವತ್ತನೇ ವರ್ಷದ ಸಮಾರಂಭ ಆಯಿತು. ಎರಡೂ ಕಡೆಯ ಮುದುಕ ಬಿಳಿಯರು ಕೈಕುಲುಕಿದರು, ಅಧ್ಯಕ್ಷ ವಿಲ್ಸನ್ ಭಾಷಣ ಮಾಡಿದ. ಯಾವುದಕ್ಕಾಗಿ ಯುದ್ಧ ಆಯಿತೋ ಆ ಜನ ಆ ಚಿತ್ರದಲ್ಲಿಲ್ಲ. ಅದೇ ಜುಲೈನಲ್ಲಿ 22 ವರ್ಷದ ಭೀಮರಾವ್ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆಂದು ನ್ಯೂಯಾರ್ಕಿನಲ್ಲಿ ಹಡಗಿಳಿದರು. ಮುಂದೆ 1946ರಲ್ಲಿ ಅವರೇ ಡುಬಾಯ್ಸ್‌ಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕೆಂದು ಕೇಳಿದರು. ಡುಬಾಯ್ಸ್ ಉತ್ತರಿಸಿದರು.

ಅದಕ್ಕೂ ಮುಂಚೆ, 1873ರಲ್ಲಿ, ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಕರಿಯರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಯುದ್ಧ ಮುಗಿದು ಎಂಟೇ ವರ್ಷ! ಪುಣೆಯಲ್ಲಿ ಕೂತು ಅಷ್ಟು ದೂರ ನೋಡಿದ ಆ ಕಣ್ಣಿಗೆ ನಮ್ಮ ನಮಸ್ಕಾರ. ಆದರೂ ಇವತ್ತು ಗೊತ್ತಿರುವುದನ್ನು ಇಟ್ಟುಕೊಂಡು ನೋಡಿದರೆ, ಆ ಅರ್ಪಣೆಯಲ್ಲಿ 7 ಡಾಲರ್ ಮುಟ್ಟದವರಿಗೂ ಒಂದು ಪಾಲು ಸಲ್ಲಬೇಕು ಎಂದು ಸಣ್ಣ ತಿದ್ದುಪಡಿ ಕೇಳುವ ಧೈರ್ಯ ಮಾಡುತ್ತೇವೆ.

ಸ್ಪಾಟ್ಸ್‌ವುಡ್ ರೈಸ್‌ನ ಮಗಳು ಏನಾದಳು ಅಂತ ನೀವು ಕೇಳುತ್ತೀರಿ. 1865ರ ಜನವರಿಯಲ್ಲಿ ಮಿಸೌರಿಯಲ್ಲಿ ಗುಲಾಮಗಿರಿ ರದ್ದಾಯಿತು. ಮೇರಿ ಅಪ್ಪ ಅಮ್ಮನ ಜೊತೆ ಸೇರಿದಳು. 1937ರಲ್ಲಿ, ಮಾಜಿ ಗುಲಾಮರ ಮಾತು ಬರೆದುಕೊಳ್ಳಲು ಸರ್ಕಾರದವರು ಸೇಂಟ್ ಲೂಯಿಯಲ್ಲಿ ಅವಳ ಮನೆಗೆ ಬಂದಾಗ ಮೇರಿ ಬೆಲ್‌ಗೆ 85 ವರ್ಷ. ಅಪ್ಪ ಅಮ್ಮ ಪಟ್ಟ ಕಷ್ಟವನ್ನು ನೆನೆದಳು. ತನಗೆ ದಂಡಿನವರೆಂದರೆ ಪ್ರೀತಿ ಅಂದಳು. ಅಪ್ಪ ದಂಡಿನವನು, ಸೋದರ ದಂಡಿನವನು, ಗಂಡ ದಂಡಿನವನು, ಮಗನೂ ದಂಡಿನವನು ಅಂತ ಒಬ್ಬೊಬ್ಬರನ್ನೇ ಎಣಿಸಿ ಹೇಳಿದಳು.